ಜಮ್ಮಾ ಬಾಣೆಯ ಗೋಜಲು ಶುರುವಾದದ್ದು ಎಲ್ಲಿಂದ? ಕೊಡಗು ಮತ್ತು ಮಡಿಕೇರಿಯ ಹಳೆಯ ಲೆಕ್ಕ

ಜಮ್ಮಾ ಬಾಣೆ ಎಂದರೆ ಅರಸರ ಸೇವೆಗೆ ಪ್ರತಿಯಾಗಿ ಕುಟುಂಬಗಳು ಅನುಭವಿಸಿದ ಗದ್ದೆಗೆ ಅಂಟಿಕೊಂಡ ಕಾಡುನೆಲ. ಅದರ ಪಹಣಿ ಸರಿಪಡಿಸಿಕೊಳ್ಳಲು ಕೊಡಗಿನವರು ತಾಲೂಕು ಕಚೇರಿಗೆ ಅಲೆದದ್ದು ಅಷ್ಟಿಷ್ಟಲ್ಲ. ಮುತ್ತಜ್ಜನ ಹೆಸರು ಪಟ್ಟೇದಾರನೆಂದು (ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಹಿರಿಯನೆಂದು) ಹಾಗೆಯೇ ಕೂತಿರುತ್ತದೆ; ಉಳುವ ಮೊಮ್ಮಕ್ಕಳ ಹೆಸರು ಬಂದಿರುವುದಿಲ್ಲ. ಇದನ್ನು ಬರೀ ಕಚೇರಿಯ ವಿಳಂಬ ಎಂದುಕೊಂಡರೆ ಅರ್ಧವಷ್ಟೇ ಅರ್ಥವಾದಂತೆ. ಇದರ ಬೇರು ಮಡಿಕೇರಿ ರಾಜಧಾನಿಯಾದ ಕಾಲದವರೆಗೆ ಹೋಗುತ್ತದೆ.

ಹಳೆಯ ಕೊಡಗು ಪೇಟೆಗಳ ಸೀಮೆಯಲ್ಲ. ತಗ್ಗಿನಲ್ಲಿ ಗದ್ದೆ, ಅದರಂಚಿನ ದಿಬ್ಬದಲ್ಲಿ ಒಕ್ಕದ, ಅಂದರೆ ಒಂದೇ ಮೂಲದ ಕೂಡುಕುಟುಂಬದ, ಐನ್‌ಮನೆ ಎಂಬ ಮೂಲಮನೆ, ಹಿಂದೆ ಕಾಡು. ನಾಡುಗಳನ್ನು ನಾಯಕರು ಆಳುತ್ತಿದ್ದರು. 1600ರ ಆಸುಪಾಸಿನಲ್ಲಿ ಇಕ್ಕೇರಿ ಮನೆತನದ ಸಂಬಂಧಿಕರೆನ್ನಲಾದ ಲಿಂಗಾಯತ ಅರಸರು ಹಾಲೇರಿಯಲ್ಲಿ ನೆಲೆಯೂರಿ, ಈ ನಾಯಕರನ್ನು ಒಬ್ಬೊಬ್ಬರಾಗಿ ಮಣಿಸಿದರು. ಅದೇ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ. ಸುಮಾರು 1,150 ಮೀಟರ್ ಎತ್ತರದ ಈ ಏಣು ಬೇಸಾಯಕ್ಕೆಂದು ಯಾರೂ ಆರಿಸುವ ಜಾಗವಲ್ಲ. ಮಡಿಕೇರಿ ಹುಟ್ಟಿದ್ದೇ ಕೋಟೆಗಾಗಿ.

ಮೊದಲು ಮಣ್ಣಿನದಾಗಿದ್ದ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು. ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟದ್ದೂ ಅವನೇ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ 1790ರ ಹೊತ್ತಿಗೆ ಕೋಟೆಯನ್ನು ಮರಳಿ ಪಡೆದ. ಕೋಟೆಯೊಳಗೆ ಇಂದಿಗೂ ನಿಂತಿರುವ ಎರಡು ಗಾರೆಯ ಆನೆಗಳ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಅರಸರು ಬಿಟ್ಟುಹೋದ ದೊಡ್ಡ ಗುರುತು ನೆಲದ ಲೆಕ್ಕದಲ್ಲಿದೆ ಎಂದೇ ನನ್ನ ಭಾವನೆ.

ಕರೆ ಬಂದಾಗ ಆಯುಧ ಹಿಡಿದು ಬರಬೇಕು, ಕಾವಲು ಕಾಯಬೇಕು: ಈ ಕರಾರಿನ ಮೇಲೆ ಒಕ್ಕಗಳು ಅನುಭವಿಸಿದ ಭೂಮಿ ಜಮ್ಮಾ. ಅದಕ್ಕೆ ಕಂದಾಯ ಕಡಿಮೆ. 100 ಭಟ್ಟಿ (ಗದ್ದೆಯ ಹಳೆಯ ಅಳತೆ) ಗದ್ದೆಗೆ ಸಾಗು, ಅಂದರೆ ಪೂರ್ತಿ ಕಂದಾಯದ, ಹಿಡುವಳಿದಾರ 10 ರೂಪಾಯಿ ಕಟ್ಟಿದರೆ ಜಮ್ಮಾದವರಿಗೆ 5 ರೂಪಾಯಿ. ಗದ್ದೆಗೆ ಅಂಟಿಕೊಂಡ ಕಾಡು ಬಾಣೆ. ಸೌದೆ, ಸೊಪ್ಪು, ಮೇವು, ಮನೆಗೆ ಬೇಕಾದ ಮರ ಎಲ್ಲ ಅಲ್ಲಿಂದಲೇ, ಕಂದಾಯವಿಲ್ಲದೆ. ಭೂಮಿ ಒಕ್ಕದ್ದು, ಒಬ್ಬರದಲ್ಲ, ಮಾರುವಂತಿಲ್ಲ. ಲಿಂಗರಾಜೇಂದ್ರನ ಕಾಲದಲ್ಲಿ ಇದೆಲ್ಲ ‘ಶಿಸ್ತು’ ಎಂಬ ಕಂದಾಯ ದಾಖಲೆಗೆ ಏರಿತು.

1834ರ ಏಪ್ರಿಲ್‌ನಲ್ಲಿ ಕಂಪನಿ ಸೇನೆ ಮಡಿಕೇರಿ ಹೊಕ್ಕಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಕಾಶಿಗೆ ಗಡೀಪಾರಾದ. ಆಳುವವರು ಬದಲಾದರೂ ಜಮ್ಮಾಕ್ಕೆ ಕೈ ಹಾಕದೆ ಅದನ್ನು ಉಳಿಸಿಕೊಂಡರು. ಅಂಥ ಎಚ್ಚರಿಕೆ ಕೆಳಗಿನ ಸೀಮೆಯಲ್ಲಿ ಇರಲಿಲ್ಲ. ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ ಪುತ್ತೂರು, ಅಮರ ಸುಳ್ಯದ ರೈತರು ಅರಸರಿಗೆ ಧಾನ್ಯದಲ್ಲಿ ತೆರುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕಟ್ಟಬೇಕಾಯಿತು. ಸಾಲ ಕೊಡುವವರ ಕೈಗೆ ಸಿಕ್ಕಿ ನಲುಗಿದ ಆ ಜನ 1837ರಲ್ಲಿ ದಂಗೆಯೆದ್ದು ಮಂಗಳೂರಿನವರೆಗೂ ನುಗ್ಗಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಲಾಯಿತು. ಅವರ ಬಲಿದಾನಕ್ಕೆ ಸಲ್ಲಬೇಕಾದಷ್ಟು ಜಾಗ ನಮ್ಮ ಪಠ್ಯಗಳಲ್ಲಿ ಇನ್ನೂ ಸಿಕ್ಕಿಲ್ಲ.

ಆಮೇಲೆ ಬಂದದ್ದು ಕಾಫಿ. 1854ರಲ್ಲಿ ಮಡಿಕೇರಿ ಬಳಿ ಫೌಲರ್ ಎಂಬ ಯುರೋಪಿಯನ್ ತೋಟ ತೆರೆದ ನಂತರ ಬೆಳೆ ಹಬ್ಬಿ, ಬಾಣೆಗಳಿಗೂ ಏರಿತು. ಸೌದೆ, ಸೊಪ್ಪಿಗೆಂದು ಗದ್ದೆಯ ಜೊತೆ ಬಿಟ್ಟಿದ್ದ ನೆಲ ಹಣ ತರುವ ತೋಟವಾಯಿತು. ಬಾಣೆಯಲ್ಲಿ ಒಕ್ಕಕ್ಕಿರುವುದು ಅನುಭವದ ಹಕ್ಕೋ ಪೂರ್ತಿ ಮಾಲೀಕತ್ವವೋ, ಅಲ್ಲಿನ ಮರ ಯಾರದ್ದು ಎಂಬ ಪ್ರಶ್ನೆಗಳು ಆಗ ಎದ್ದವು. ಅವೇ ಮುಂದೆ ಹೈಕೋರ್ಟಿಗೂ ವಿಧಾನಸಭೆಗೂ ಹೋದವು. ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದ ಮೇಲೂ ಪಟ್ಟೇದಾರನ ಹೆಸರಿನ ಕೆಳಗೆ ಒಕ್ಕದ ಎಲ್ಲರ ಹೆಸರು ಸೇರಿಸುವ ಕೆಲಸ ಮುಗಿದಿಲ್ಲ.