ಅತ್ತೆಯ ಗೂಡಿನಲ್ಲಿ ಉಳಿದ ನಾಲ್ಕು ಮಾತ್ರೆ

ತೀರ್ಥಹಳ್ಳಿ ಕಡೆ ಅತ್ತೆಯ ಮನೆಗೆ ಹೋಗಿದ್ದೆ. ಗೋಡೆಯ ಗೂಡಿನಲ್ಲಿ ಒಂದು ಆಂಟಿಬಯಾಟಿಕ್ ಮಾತ್ರೆ ಸ್ಟ್ರಿಪ್ ಇತ್ತು. ಹತ್ತರಲ್ಲಿ ಆರು ಖಾಲಿ. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ. ಆ ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಅಂತ ಅರ್ಥ.

"ಜ್ವರ ಬಿಡ್ತು, ನಿಲ್ಲಿಸ್ದೆ. ಇರ್ಲಿ, ಮುಂದಿನ ಸಲಕ್ಕೆ ಆಗುತ್ತೆ" ಎಂದರು ಅತ್ತೆ.

ಮುಂದಿನ ಸಲ ಬರುವುದು ಯಾವ ಜ್ವರ? ಮಲೆನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಇಲಿಯ ಮೂತ್ರ ಬೆರೆತ ಗದ್ದೆ ನೀರು ಕಾಲಿನ ಬಿರುಕಿನಲ್ಲಿ ಒಳಹೊಕ್ಕರೆ ಇಲಿ ಜ್ವರ ಬರಬಹುದು. ದರಗು, ಅಂದರೆ ಒಣಗಿ ಬಿದ್ದ ಎಲೆ, ತರಲು ಕಾಡಿಗೆ ಹೋದಾಗ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ ಅದು. ಎರಡರ ಮೊದಲ ದಿನಗಳೂ ಹೆಚ್ಚುಕಮ್ಮಿ ಒಂದೇ ಥರ: ಜೋರು ಜ್ವರ, ತಲೆನೋವು, ಮೈಕೈ ನೋವು.

ಆದರೆ ಇಲಿ ಜ್ವರ ತರುವುದು ಬ್ಯಾಕ್ಟೀರಿಯಾ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಅದಕ್ಕೆ ಕೆಲಸ ಮಾಡುತ್ತದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಮಂಗನ ಕಾಯಿಲೆ ತರುವುದು ವೈರಸ್. ಪೆನಿಸಿಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟದಂತೆ ತಡೆಯುತ್ತದೆ. ಡಾಕ್ಸಿಸೈಕ್ಲಿನ್ ಅದರ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ. ವೈರಸ್‌ಗೆ ಆ ಗೋಡೆಯೂ ಇಲ್ಲ, ಸ್ವಂತ ಪ್ರೋಟೀನ್ ಕಾರ್ಖಾನೆಯೂ ಇಲ್ಲ. ಮಾತ್ರೆ ಹೊಡೆಯುವುದಾದರೂ ಯಾವುದಕ್ಕೆ? ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹಳದಿ ಎಲೆ ರೋಗಕ್ಕೆ ಅದೇ ಬೋರ್ಡೋ ಹೊಡೆದರೆ ಮರ ಉಳಿಯಲ್ಲ, ಅಲ್ವಾ?

ಸುಮ್ನೆ ನುಂಗಿದ ಮಾತ್ರೆ ಸುಮ್ನೆ ಇರುವುದೂ ಇಲ್ಲ. ಕರುಳಿನಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳಿಗೆ ಏಟು ಬೀಳುತ್ತದೆ. ಔಷಧಿಯನ್ನು ತಡೆದುಕೊಳ್ಳುವ ಗುಣ ಇರುವವು ಮಾತ್ರ ಉಳಿಯುತ್ತವೆ. ಜಾಗ ಖಾಲಿಯಾದ ಮೇಲೆ ಅವುಗಳದ್ದೇ ಸಂಸಾರ. ಅನುಕೂಲ ಸಿಕ್ಕರೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಅಷ್ಟೇ ಅಲ್ಲ, ಆ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ, ನೆರೆಮನೆಗೆ ವೀಳ್ಯದ ಬಳ್ಳಿಯ ತುಂಡು ಕೊಟ್ಟ ಹಾಗೆ. ನನಗೆ ಹೆದರಿಕೆ ಇರುವುದು ಇಲ್ಲಿಯೇ. ನಾಳೆ ಮನೆಯ ಮಗುವಿಗೆ ನಿಜವಾಗಿ ಬೇಕಾದಾಗ ಆ ಔಷಧಿ ನಾಟದೆ ಹೋಗಬಹುದು.

ಅತ್ತೆಗೆ ಎರಡೇ ಮಾತು ಹೇಳಿದೆ. ಜ್ವರ ಬಿಟ್ಟರೂ ಮಾತ್ರೆ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಗದ್ದೆಗೆ ಇಳಿದಿದ್ದು, ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಎಲ್ಲ ಬಿಡಿಸಿ ಹೇಳಿ. ಯಾವ ರಕ್ತಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ತಿಳಿಯುವುದು ಅದರಿಂದಲೇ.