ಓಸಿ ಚೀಟಿಯಿಂದ ಅಫಿಲಿಯೇಟ್ ಲಿಂಕಿನವರೆಗೆ: ರೊಕ್ಕ ಕೈಗೆ ಬರಲು ಎಷ್ಟು ತಿಂಗಳು?

"ಅಣ್ಣಾರ, ಎಷ್ಟ ತಿಂಗಳಿಗೆ ರೊಕ್ಕ ಬರಾಕ ಹತ್ತತೈತಿ?"

2024ರ ಗಣಪತಿ ಹಬ್ಬದ ಹೊತ್ತಿಗೆ ಒಬ್ಬ ಹುಡುಗ ನನ್ನನ್ನು ಹೀಗೆ ಕೇಳಿದ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದ. ನಾನು ಹುಬ್ಬಳ್ಳಿಯ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಅವನು ಕೇಳಿದ್ದು ಅಂಗಡಿ ಸೈಟಿನ ವಿಷಯವಲ್ಲ. ಬೆಟ್ಟಿಂಗ್ ಆ್ಯಪ್‌ಗಳ ಬಗ್ಗೆ 'ರಿವ್ಯೂ' ಬರೆದು, ಕೆಳಗೆ ಲಿಂಕ್ ಹಾಕಿ, ಅದನ್ನು ಒತ್ತಿ ಹೋದವರ ಆಟದಲ್ಲಿ ಕಮಿಷನ್ ತೆಗೆದುಕೊಳ್ಳುವ ಧಂದೆ. ಅದಕ್ಕೆ ಅಫಿಲಿಯೇಟ್ ಅಂತ ಹೆಸರು. ಆರು ತಿಂಗಳಲ್ಲಿ ತಿಂಗಳಿಗೆ ಮೂವತ್ತು ಸಾವಿರ ಬರುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿಕೊಂಡು ಬಂದಿದ್ದ.

ಹೆಸರು ಹೊಸದು, ಅಷ್ಟೇ. ಈ ಕೆಲಸ ನಮ್ಮ ಕಡೆಯವರಿಗೆ ಹೊಸದೇನಲ್ಲ. ಓಸಿ ಚೀಟಿ ಬರೆಯುವವರನ್ನು ನೋಡದ ಓಣಿ ಹುಬ್ಬಳ್ಳಿಯಲ್ಲಿ ಇದೆಯಾ? ಚಹಾದ ಅಂಗಡಿ ಪಕ್ಕ ನಿಂತು ಚೀಟಿಯ ಮೇಲೆ ಅಂಕಿ ಬರೆದುಕೊಂಡು ಬುಕ್ಕಿಗೆ ಮುಟ್ಟಿಸುತ್ತಾರೆ. ಆಟ ಅವರದಲ್ಲ, ನಷ್ಟವೂ ಅವರದಲ್ಲ. ಬರೆದ ಚೀಟಿಗೆ ನೂರಕ್ಕೆ ಇಷ್ಟು ಅಂತ ಕಮಿಷನ್.

ಓಸಿ ಅಂದರೆ ಓಪನ್-ಕ್ಲೋಸ್, ಅಂಕಿಯ ಮೇಲೆ ಬಾಜಿ ಕಟ್ಟುವ ಮಟ್ಕಾ ಜೂಜು. ಇದರ ಮೂಲ ಹತ್ತಿ ವ್ಯಾಪಾರ ಅಂದರೆ ಹುಬ್ಬಳ್ಳಿ, ಗದಗಿನವರಿಗೆ ಸ್ವಲ್ಪ ನಗು ಬರಬಹುದು. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ದರ ಟೆಲಿಪ್ರಿಂಟರ್‌ನಲ್ಲಿ ಮುಂಬೈಗೆ ಬರುತ್ತಿತ್ತು. ಅಲ್ಲಿ ಮಾರುಕಟ್ಟೆ ತೆರೆಯುವಾಗಿನ ದರ ಎಷ್ಟು, ಮುಚ್ಚುವಾಗಿನ ದರ ಎಷ್ಟು ಅಂತ ಮುಂಬೈಯಲ್ಲಿ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು, ಬಾಜಿ ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮ ತಮ್ಮ ಮಟ್ಕಾ ಶುರು ಮಾಡಿದರು. ಹತ್ತಿ ಹೋಯಿತು, ಬರೀ ಅಂಕಿ ಉಳಿಯಿತು. ಅಂಕಿಯನ್ನು ಊರೂರಿಗೆ ಒಯ್ದವರು ಈ ಕಮಿಷನ್ ಜನರೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ, ಅದರಲ್ಲಿ ಜೂಜಿಗೆ ಶಿಕ್ಷೆಯೂ ಇದೆ. ಲಾಟರಿಯನ್ನು 2007ರಲ್ಲಿ ಸರ್ಕಾರ ನಿಲ್ಲಿಸಿತು. ಚೀಟಿ ಮಾತ್ರ ಉಳಿದುಕೊಂಡಿತು.

ಇಂಟರ್‌ನೆಟ್ಟಿನ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಆಂಟಿಗುವಾ 1994ರಲ್ಲಿ ಒಂದು ಕಾನೂನು ತಂದಿತು. ಆನ್‌ಲೈನ್ ಕ್ಯಾಸಿನೊಗಳಿಗೆ ಲೈಸೆನ್ಸ್ ಸಿಗುವ ದಾರಿ ಅದರಿಂದ ತೆರೆಯಿತು. 1996ರಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ತಂದಿತು: ನಿಮ್ಮ ಸೈಟಿನ ಲಿಂಕಿನಿಂದ ಪುಸ್ತಕ ಮಾರಾಟವಾದರೆ ನಿಮಗೊಂದು ಪಾಲು. ಕ್ಯಾಸಿನೊಗಳೂ ಇದೇ ದಾರಿ ಹಿಡಿದವು. ಒಂದು ವ್ಯತ್ಯಾಸವಿತ್ತು. ಪುಸ್ತಕ ಕೊಂಡವನು ಮತ್ತೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಜೂಜಿಗೆ ಬಂದವನು ಬಂದೇ ಬರುತ್ತಾನೆ. ಅದಕ್ಕೇ 'ಅವನು ಆಡುವಷ್ಟು ಕಾಲ ನಿಮಗೆ ಪಾಲು' ಅಂತ ಕಂಪನಿಗಳು ಆಸೆ ತೋರಿಸಿದವು.

2004ರಲ್ಲಿ ಗೂಗಲ್ ಮತ್ತು ಯಾಹೂ ಜೂಜಿನ ಜಾಹೀರಾತು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ನನ್ನ ಪ್ರಕಾರ ಈ ಧಂದೆ ದೊಡ್ಡದಾಗಿದ್ದೇ ಇದರಿಂದ. ದುಡ್ಡು ಕೊಟ್ಟು ಜಾಹೀರಾತು ಹಾಕಲು ಆಗದಿದ್ದರೆ ಕಂಪನಿ ಏನು ಮಾಡಬೇಕು? ಹುಡುಕಾಟದಲ್ಲಿ ಮೇಲೆ ಬರುವ ಸೈಟುಗಳ ಮಾಲೀಕರನ್ನೇ ಹಿಡಿಯಬೇಕು. ಆಗ ಪೈಪೋಟಿ ಕಡಿಮೆ. ಹತ್ತಿಪ್ಪತ್ತು ಪುಟ ಬರೆದು, ಬೇರೆ ನಾಲ್ಕು ಸೈಟಿನವರಿಗೆ ದುಡ್ಡು ಕೊಟ್ಟು ನಮ್ಮ ಸೈಟಿಗೆ ಲಿಂಕ್ ಹಾಕಿಸಿಕೊಂಡರೆ ಕೆಲವೇ ತಿಂಗಳಲ್ಲಿ ಮೊದಲ ಪುಟದಲ್ಲಿ ಕೂರಬಹುದಿತ್ತು. 'ಆರು ತಿಂಗಳು' ಅನ್ನುವ ಮಾತು ಹುಟ್ಟಿದ್ದು ಆ ಕಾಲದಲ್ಲಿ ಅಂತ ಕಾಣುತ್ತದೆ. ಕಾಲ ಹೋಯಿತು, ಮಾತು ವಿಡಿಯೋಗಳಲ್ಲಿ ಇನ್ನೂ ಓಡಾಡುತ್ತಿದೆ.

ಮೊದಲ ಪೆಟ್ಟು ಬಿದ್ದದ್ದು 2006ರ ಅಕ್ಟೋಬರ್‌ನಲ್ಲಿ. ಆನ್‌ಲೈನ್ ಜೂಜಿಗೆ ಬ್ಯಾಂಕಿನಿಂದ ಹಣ ಹೋಗದಂತೆ ಅಮೆರಿಕ ಕಾನೂನು ಮಾಡಿತು. ಪಾರ್ಟಿಗೇಮಿಂಗ್ ಎಂಬ ದೊಡ್ಡ ಕಂಪನಿಯ ಷೇರು ಒಂದೇ ದಿನ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಅದು ಅಮೆರಿಕದ ಆಟಗಾರರನ್ನು ಕೈಬಿಟ್ಟಿತು. ಆ ಆಟಗಾರರನ್ನು ಕರೆತಂದಿದ್ದ ಅಫಿಲಿಯೇಟ್‌ಗಳ 'ಜೀವಮಾನದ ಪಾಲು' ಆವತ್ತೇ ಮುಗಿಯಿತು. ಹೊಲ ಬೇರೆಯವರದಾದರೆ ಹೀಗೇ ಅಲ್ವಾ, ಪೀಕು ನಿಂತಿರುವಾಗಲೇ ಬಿಡಿಸುತ್ತಾರೆ.

ಆಮೇಲಿನ ಪೆಟ್ಟುಗಳು ಗೂಗಲ್‌ನಿಂದ ಬಂದವು. 2011ರ ಪಾಂಡಾ ಅಪ್‌ಡೇಟ್ ಜೊಳ್ಳು ಬರಹದ ಸೈಟುಗಳನ್ನು ಕೆಳಗೆ ತಳ್ಳಿತು. 2012ರ ಪೆಂಗ್ವಿನ್, ಲಿಂಕ್ ಕೊಂಡುಕೊಂಡವರನ್ನು ಹಿಡಿಯಿತು. 2024ರ ಮಾರ್ಚ್‌ನಲ್ಲಿ ಇನ್ನೂ ಬಿಗಿ ಮಾಡಿದರು. ಹಳೆಯ ಡೊಮೇನ್, ಅಂದರೆ ಬೇರೆಯವರು ಬಿಟ್ಟುಹೋದ ಸೈಟಿನ ವಿಳಾಸ ಕೊಂಡು ಅದರ ಹೆಸರಿನ ಮೇಲೆ ಮೇಲೇರುವುದಕ್ಕೆ ತಡೆ ಹಾಕಿದರು. ಅದಕ್ಕೆ ಗೂಗಲ್ ಕೊಟ್ಟ ಉದಾಹರಣೆಗಳಲ್ಲಿ ಒಂದು, ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ಸೈಟಿನಲ್ಲಿ ಕ್ಯಾಸಿನೊ ಬರಹ! ಸುಮ್ನೆ ಹೇಳಿದ್ದಲ್ಲ ಅದು. ನಾನೇ ಒಂದು ಹಳೆಯ ಸಂಸ್ಥೆಯ ಸೈಟ್ ರಿಪೇರಿಗೆ ತೆರೆದಾಗ ಅದರೊಳಗೆ ಸ್ಲಾಟ್ ಆಟದ ನೂರಾರು ಲಿಂಕ್‌ಗಳು ಹೆಗ್ಗಣದ ಬಿಲದ ಹಾಗೆ ತುಂಬಿದ್ದವು.

ಹಾಗಾದರೆ ಈಗ ಎಷ್ಟು ತಿಂಗಳು? ಸೈಟ್ ಯಾವುದೇ ಇರಲಿ, ಹುಡುಕಾಟದಲ್ಲಿ ಮೇಲೇರಿಸುವ ಕೆಲಸ ಫಲ ಕೊಡಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್‌ನವರೇ 2017ರಲ್ಲಿ ಹೇಳಿದ್ದರು. ಅದೇ ವರ್ಷ, ಹುಡುಕಾಟದ ಅಂಕಿಅಂಶ ಕೊಡುವ ಅಹ್ರೆಫ್ಸ್ ಕಂಪನಿ ಲೆಕ್ಕ ಹಾಕಿತು. ಹೊಸ ಪುಟಗಳಲ್ಲಿ ನೂರಕ್ಕೆ 5.7ರಷ್ಟು ಮಾತ್ರ ಒಂದು ವರ್ಷದೊಳಗೆ ಗೂಗಲ್ ಹುಡುಕಾಟದ ಮೊದಲ ಹತ್ತರಲ್ಲಿ ಬಂದಿದ್ದವು. ಇದು ಎಲ್ಲ ವಿಷಯಗಳನ್ನೂ ಸೇರಿಸಿದ ಲೆಕ್ಕ. ಜೂಜಿನ ಪದಗಳಿಗೆ ಎದುರಾಳಿಗಳು ಷೇರು ಮಾರುಕಟ್ಟೆಯಲ್ಲಿರುವ ಅಫಿಲಿಯೇಟ್ ಕಂಪನಿಗಳು. ಡೆನ್ಮಾರ್ಕಿನ ಬೆಟರ್ ಕಲೆಕ್ಟಿವ್ ಇದೆ, ಅಮೆರಿಕದ ಷೇರುಪೇಟೆ ನ್ಯಾಸ್ಡಾಕ್‌ನಲ್ಲಿ 2021ರಿಂದ ಇರುವ ಗ್ಯಾಂಬ್ಲಿಂಗ್ ಡಾಟ್ ಕಾಮ್ ಇದೆ. ಸಪ್ತಾಪುರದ ಒಂದು ರೂಮಿನಿಂದ ಅವರ ಜೊತೆ ಪೈಪೋಟಿ ಅಂದರೆ, ಎರಡು ಮೂರು ವರ್ಷ ಸುಮ್ನೆ ಬರೆಯುತ್ತಾ ಕೂರುವ ತಾಕತ್ತು ಬೇಕು. ಆಮೇಲೂ ಬಂದೀತು ಅನ್ನುವ ಖಾತ್ರಿ ಇಲ್ಲ.

ಇನ್ನು ಕಮಿಷನ್ ಲೆಕ್ಕ. ಇದನ್ನು ಜನ ಸರಿಯಾಗಿ ನೋಡುವುದೇ ಇಲ್ಲ. ಎರಡು ಬಗೆ ಇವೆ. ಒಂದು, ಹಣ ಹಾಕಿದ ಪ್ರತಿ ಹೊಸ ಆಟಗಾರನಿಗೆ ಒಂದೇ ಸಲ ಇಷ್ಟು ಅಂತ ಕೊಡುವುದು. ಇನ್ನೊಂದು, ಅವನು ಸೋತ ಹಣದಲ್ಲಿ ಪಾಲು. ಎರಡನೆಯದೇ 'ಸ್ಥಿರ ಆದಾಯ' ಅಂತ ಹೆಸರು ಮಾಡಿರುವುದು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಒಬ್ಬ 10,000 ರೂಪಾಯಿ ಹಾಕಿ ಪೂರ್ತಿ ಸೋತ. ಬೋನಸ್, ಹಣ ವರ್ಗಾವಣೆ ಖರ್ಚು ಅಂತ ಕಂಪನಿ 4,000 ಮುರಿದುಕೊಂಡಿತು. ಉಳಿದ 6,000ದಲ್ಲಿ ನೂರಕ್ಕೆ 30 ಪಾಲು ಅಂದರೆ 1,800 ರೂಪಾಯಿ. ಇದೇ ಲೆಕ್ಕದಲ್ಲಿ ಆ ಹುಡುಗನಿಗೆ ತಿಂಗಳಿಗೆ 30,000 ಬೇಕಾದರೆ, ಯಾರೋ ಒಂದಷ್ಟು ಜನ ಸೇರಿ ಪ್ರತಿ ತಿಂಗಳು 1 ಲಕ್ಷ 66 ಸಾವಿರಕ್ಕಿಂತ ಜಾಸ್ತಿ ಕಳೆದುಕೊಳ್ಳಬೇಕು. ನಮ್ಮ ಅಡತಿ ಅಂಗಡಿಯವರೂ ಕಮಿಷನ್ ತಿನ್ನುತ್ತಾರೆ, ನಿಜ. ಆದರೆ ಅಲ್ಲಿ ಮೆಣಸಿನಕಾಯಿ ಚೀಲವಾದರೂ ಕೈ ಬದಲಾಗುತ್ತದೆ.

ಆಟಗಾರ ಗೆದ್ದರೆ ಲೆಕ್ಕ ತಿರುಗುತ್ತದೆ. ಅವನು ಗೆದ್ದ ಹಣದಲ್ಲಿ ನಿಮ್ಮ ಪಾಲು ನಿಮ್ಮ ಖಾತೆಯಲ್ಲಿ ಮೈನಸ್ ಆಗಿ ಕೂರುತ್ತದೆ. ಕೆಲವು ಕಂಪನಿಗಳು ತಿಂಗಳ ಕೊನೆಗೆ ಅದನ್ನು ಅಳಿಸುತ್ತವೆ, ಕೆಲವು ಮುಂದಿನ ತಿಂಗಳಿಗೆ ಎಳೆಯುತ್ತವೆ. ಎಳೆಯುವ ಷರತ್ತು ಒಪ್ಪಂದದ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತದೆ.

ಆ ಹುಡುಗ ಲೆಕ್ಕ ಬರೆದಿಟ್ಟಿದ್ದು ಕೋಚಿಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ. ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು ನಾಲ್ಕು ಕಾಲಂ: ತಿಂಗಳು, ಬರಹ, ಕ್ಲಿಕ್, ಡಾಲರ್. ಮೊದಲ ಆರು ತಿಂಗಳು ಡಾಲರ್ ಕಾಲಂನಲ್ಲಿ ಬರೀ ಸೊನ್ನೆ. 2025ರ ಐಪಿಎಲ್ ಶುರುವಾದ ಮೇಲೆ ಕ್ಲಿಕ್ ಬಂದವು. ಎಂಟನೇ ತಿಂಗಳು 83 ಡಾಲರ್. ಒಂಬತ್ತನೇ ತಿಂಗಳು ಮೈನಸ್ 12, ಯಾರೋ ಒಬ್ಬ ಗೆದ್ದಿದ್ದ. ಅದರ ಮುಂದೆ "ಸೂ..." ಅಂತ ಬರೆದು ಹೊಡೆದು ಹಾಕಿದ್ದ, ಪೂರ್ತಿ ಪದ ನಿಮಗೇ ಗೊತ್ತಾಗುತ್ತದೆ. ಕೈಗೆ ಹಣ ಬರಬೇಕಾದರೆ ಕನಿಷ್ಠ 100 ಡಾಲರ್ ಆಗಬೇಕಿತ್ತು. ಅವನ ಖಾತೆ 71ಕ್ಕೆ ನಿಂತಿತು.

ನಿಲ್ಲಲು ಕಾರಣ ನಮ್ಮ ದೇಶದ ಕಾನೂನು. ಅದೂ ಏಕಾಏಕಿ ಬಂದದ್ದಲ್ಲ. 2020ರಲ್ಲಿ ಕೊರೊನಾ ನಡುವೆ ಐಪಿಎಲ್‌ಗೆ ಡ್ರೀಮ್11 ಪ್ರಾಯೋಜಕನಾದಾಗ ಹಣದ ಆಟ ಮನೆಮಾತಾಯಿತು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದೇ ವರ್ಷ ಕೇಂದ್ರ ಸರ್ಕಾರ ಬೆಟ್ಟಿಂಗ್ ಸೈಟುಗಳ ಜಾಹೀರಾತು ಬೇಡ ಅಂತ ಮಾಧ್ಯಮಗಳಿಗೆ ಸಲಹೆ ಕೊಟ್ಟಿತು. 2023ರ ಅಕ್ಟೋಬರ್‌ನಿಂದ ಹಣದ ಆಟದ ಮೇಲೆ ನೂರಕ್ಕೆ 28 ಜಿಎಸ್‌ಟಿ ಬಂತು. ನಮ್ಮ ಹುಡುಗ ಶುರು ಮಾಡಿದ್ದು ಇಷ್ಟೆಲ್ಲ ಆದ ಮೇಲೆ. ವಿಡಿಯೋದವನು ಇದನ್ನು ಹೇಳಿರಲಿಲ್ಲ, ಪಾಪ ಇವನೂ ಕೇಳಿರಲಿಲ್ಲ.

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಮೂರೇ ದಿನದಲ್ಲಿ ಮುಗಿಯಿತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಅದರ ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಆಡುವವನಿಗೆ ಶಿಕ್ಷೆ ಇಲ್ಲ. ಜಾಹೀರಾತು ಅಂದರೆ ಟಿವಿಯಲ್ಲಿ ಬರುವ ನಟನೊಬ್ಬನೇ ಅಲ್ಲ. ನೇರವಾಗಿಯೋ ಸುತ್ತು ಬಳಸಿಯೋ ಆಟಕ್ಕೆ ಕರೆಯುವುದು, ಅದಕ್ಕೆ ಕೈಜೋಡಿಸುವುದು ಎಲ್ಲವೂ ಅದರೊಳಗೆ ಬರುತ್ತದೆ. ರಿವ್ಯೂ ಬರೆದು ಲಿಂಕ್ ಹಾಕಿದವನು ಇನ್ನೇನು ಮಾಡಿದ ಹಾಗಾಯಿತು?

ಗಣಪತಿ ಕೂರಿಸಲು ಐದು ದಿನ ಇತ್ತು. ರಾತ್ರಿ ಹತ್ತಕ್ಕೆ ಆ ಹುಡುಗ ಫೋನ್ ಮಾಡಿದ.

"ಅಣ್ಣಾರ, ಎಪ್ಪತ್ತೊಂದ್ ಡಾಲರ್ ಐತ್ರಿ ಒಳಗ."

"ಬಿಡಪಾ ತಮ್ಮಾ. ಮೊದಲ ಸೈಟ್ ತಗಿ."

ಆವತ್ತೇ ರಾತ್ರಿ ಇಬ್ಬರೂ ಫೋನ್‌ನಲ್ಲೇ ಇದ್ದುಕೊಂಡು ಅರವತ್ತಕ್ಕೂ ಜಾಸ್ತಿ ಬರಹ ಅಳಿಸಿದೆವು. ಒಂದೂವರೆ ತಾಸು ಹಿಡಿಯಿತು. ಆಮೇಲೆ ಒಂದು ತಿಂಗಳಿಗೆ ಸಪ್ತಾಪುರದ ಕಡೆ ಹೋದಾಗ ರೂಮಿನಲ್ಲಿ ಅದೇ ನೋಟ್‌ಬುಕ್ ಇತ್ತು. ಮುಂದಿನ ಹಾಳೆಗಳು ತುಂಬಿ, ಪ್ರಚಲಿತ ವಿದ್ಯಮಾನದ ಟಿಪ್ಪಣಿ ಹಿಂದಿನ ಹಾಳೆಗೂ ಬಂದಿತ್ತು. ಡಾಲರ್ ಕಾಲಂನ ಕೆಳಗೇ ನೀಲಿ ಪೆನ್ನಿನಲ್ಲಿ ಬರೆದುಕೊಂಡಿದ್ದ: "ಆನ್‌ಲೈನ್ ಗೇಮಿಂಗ್ ಕಾಯ್ದೆ, ಅಂಕಿತ 22 ಆಗಸ್ಟ್ 2025." ಪಕ್ಕದಲ್ಲಿ ಸ್ಟಾರ್ ಗುರುತು, ಪರೀಕ್ಷೆಗೆ ಬರಬಹುದು ಅಂತ.