ಕಂಪವಾತ ಮತ್ತು ಡಿಬಿಎಸ್: ವೇಗದ ವಿವರಣೆಯಿಂದ ಲಯದ ವಿವರಣೆಗೆ

ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಅಥವಾ ಡಿಬಿಎಸ್ (ಮಿದುಳಿನ ಆಳದಲ್ಲಿ ಎಲೆಕ್ಟ್ರೋಡ್ ಎಂಬ ತಂತಿ ಇರಿಸಿ ವಿದ್ಯುತ್ ಹರಿಸುವ ಚಿಕಿತ್ಸೆ) ಕುರಿತ ಪಾಠ ಓದುವಾಗ ಹೆಚ್ಚಿನ ವಿದ್ಯಾರ್ಥಿಗಳು ತಡವರಿಸುವುದು ಒಂದೇ ಕಡೆ. ಮಿದುಳಿನ ಒಂದು ನಿರ್ದಿಷ್ಟ ನರಕೇಂದ್ರವನ್ನು ಸುಟ್ಟು ನಾಶಪಡಿಸಿದರೂ ಕಂಪವಾತದ (ಪಾರ್ಕಿನ್ಸನ್ ಕಾಯಿಲೆಯ) ರೋಗಿಯ ನಡುಕ ಇಳಿಯುತ್ತದೆ, ಅದೇ ಕೇಂದ್ರಕ್ಕೆ ವಿದ್ಯುತ್ ಹರಿಸಿದರೂ ಇಳಿಯುತ್ತದೆ. ನಾಶಕ್ಕೂ ಪ್ರಚೋದನೆಗೂ ಫಲ ಒಂದೇ ಆಗುವುದು ಹೇಗೆ ಎಂಬ ಪ್ರಶ್ನೆಯೇ ಈ ಕ್ಷೇತ್ರದ ತಿರುಳು ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಈ ಟಿಪ್ಪಣಿಯನ್ನು ಅದರ ಸುತ್ತಲೇ ಬರೆದಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಮಧ್ಯಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗದ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕೊರತೆ ಇರುವುದನ್ನು ಓಲೆ ಹಾರ್ನಿಕೀವಿಚ್ ಅವರು ವಿಯೆನ್ನಾದಲ್ಲಿ 1960ರಲ್ಲಿ ತೋರಿಸಿದರು. ಅದನ್ನು ತುಂಬಿಕೊಡುವ ಲೆವೊಡೋಪಾ ಇಂದಿಗೂ ಮುಖ್ಯ ಔಷಧ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ. ಆದರೆ ಕೆಲವು ವರ್ಷಗಳ ಬಳಿಕ ಒಂದೊಂದು ಗುಳಿಗೆಯ ಪರಿಣಾಮದ ಅವಧಿ ಕುಗ್ಗುತ್ತದೆ, ಅದರ ಜೊತೆಗೆ ಡಿಸ್ಕೈನೇಸಿಯಾ ಎಂಬ ಅನೈಚ್ಛಿಕ ಚಲನೆಗಳು ಕಾಣಿಸಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ವಿಚಾರ ಬರುವುದು ಸಾಮಾನ್ಯವಾಗಿ ಈ ಘಟ್ಟದಲ್ಲಿ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಂ-ಲೂಯಿ ಬೆನಾಬಿಡ್ ಅವರು ನಡುಕದ ರೋಗಿಯೊಬ್ಬರಿಗೆ ಥಲಾಮಸ್ಸಿನ (ಮಿದುಳಿನ ಆಳದಲ್ಲಿದ್ದು ಹೊರಪದರಕ್ಕೆ ಸಂಕೇತಗಳನ್ನು ದಾಟಿಸುವ ಕೇಂದ್ರ) ಒಂದು ಸಣ್ಣ ಭಾಗವನ್ನು ಸುಡುವ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಸುಡುವ ಮೊದಲು, ಜಾಗ ಸರಿಯಾಗಿದೆಯೇ ಎಂದು ತಿಳಿಯಲು ಅಲ್ಲಿ ವಿದ್ಯುತ್ ಹರಿಸಿ ನೋಡುವುದು ಆಗಿನ ವಾಡಿಕೆ. ಆವರ್ತನವನ್ನು ಸೆಕೆಂಡಿಗೆ ಸುಮಾರು 100 ಮಿಡಿತಗಳಿಗೆ ಏರಿಸಿದಾಗ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದರೆ ಮರಳಿತು. ಹಾಗಿದ್ದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಉಳಿಸಬಹುದಲ್ಲ ಎಂಬ ಯೋಚನೆಯಿಂದ ಇಂದಿನ ಡಿಬಿಎಸ್ ಬೆಳೆಯಿತು.

ಸರಿಸುಮಾರು ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ದಾರಿ ತೆರೆದುಕೊಂಡಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯ ಕೃತಕ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಜನರು ಇದ್ದಕ್ಕಿದ್ದಂತೆ ಕಂಪವಾತದ ರೋಗಿಗಳಂತೆ ಸೆಟೆದುಹೋದರು. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಇದಕ್ಕೆ ಕಾರಣ ಎಂಪಿಟಿಪಿ ಎಂಬ ರಾಸಾಯನಿಕವೆಂದು ಗುರುತಿಸಿದರು. ಅದನ್ನು ಬಳಸಿ ಕೋತಿಗಳಲ್ಲಿ ರೋಗದ ಮಾದರಿಯನ್ನು ಉಂಟುಮಾಡುವುದು ಸಾಧ್ಯವಾಯಿತು. ಅಂಥ ಕೋತಿಗಳಲ್ಲಿ ಥಲಾಮಸ್ಸಿನ ಕೆಳಗಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ನರಕೇಂದ್ರವನ್ನು ನಾಶಪಡಿಸಿದರೆ ಬಿಗಿತ, ಚಲನೆಯ ಕೊರತೆ ಮತ್ತು ನಡುಕ ಗಣನೀಯವಾಗಿ ಇಳಿಯುತ್ತವೆಂದು ಹಗಾಯ್ ಬರ್ಗ್‌ಮನ್, ಥಾಮಸ್ ವಿಚ್‌ಮನ್ ಮತ್ತು ಮಹ್ಲನ್ ಡಿಲಾಂಗ್ 1990ರಲ್ಲಿ ವರದಿ ಮಾಡಿದರು. ಎರಡೂ ದಾರಿಗಳು 1993ರಲ್ಲಿ ಕೂಡಿದವು: ಗ್ರೆನೋಬಲ್ ತಂಡ ಇದೇ ನ್ಯೂಕ್ಲಿಯಸ್ಸಿಗೆ ಎಲೆಕ್ಟ್ರೋಡ್ ಅಳವಡಿಸಿತು. ಅವರೆಕಾಳಿಗಿಂತ ದೊಡ್ಡದಲ್ಲದ ಈ ಕೇಂದ್ರವೇ ಇಂದು ಕಂಪವಾತದಲ್ಲಿ ಹೆಚ್ಚು ಬಳಕೆಯಲ್ಲಿರುವ ಗುರಿ. ಬೆನಾಬಿಡ್ ಮತ್ತು ಡಿಲಾಂಗ್ ಅವರಿಗೆ 2014ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಜಂಟಿಯಾಗಿ ಸಂದಿತು.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದನ್ನು ತಿಳಿದುಕೊಂಡರೆ ಅಂಗರಚನೆ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಅನೇಕ ಕೇಂದ್ರಗಳಲ್ಲಿ ರೋಗಿಯನ್ನು ಎಚ್ಚರವಾಗಿಯೇ ಇರಿಸಿ, ತಲೆಯನ್ನು ಚೌಕಟ್ಟಿನಲ್ಲಿ ಬಿಗಿದು, ಕೂದಲೆಳೆಯಷ್ಟು ತೆಳುವಾದ ಮೈಕ್ರೋಎಲೆಕ್ಟ್ರೋಡನ್ನು ಮಿಲಿಮೀಟರಿನ ಭಾಗಗಳಲ್ಲಿ ಇಳಿಸುತ್ತಾರೆ. ನರಕೋಶಗಳ ಮಿಡಿತ ಸ್ಪೀಕರಿನಲ್ಲಿ ಕೇಳಿಸುತ್ತಿರುತ್ತದೆ. ತುದಿಯು ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸನ್ನು ಹೊಕ್ಕಾಗ ಹಿನ್ನೆಲೆಯ ಸದ್ದು ಒಮ್ಮೆಗೇ ದಟ್ಟವಾಗುತ್ತದೆ. ಬಳಿಕ ಸುಮಾರು 1.3 ಮಿಲಿಮೀಟರ್ ದಪ್ಪದ ಶಾಶ್ವತ ಎಲೆಕ್ಟ್ರೋಡನ್ನು ಕೂರಿಸಿ ವಿದ್ಯುತ್ ಹರಿಸಿ ಪರೀಕ್ಷಿಸುತ್ತಾರೆ. ಪ್ರವಾಹ ಹೊರಬದಿಯ ಇಂಟರ್ನಲ್ ಕ್ಯಾಪ್ಸೂಲಿಗೆ (ಚಲನೆಯ ಆದೇಶ ಒಯ್ಯುವ ನರತಂತುಗಳ ಕಟ್ಟು) ಸೋರಿದರೆ ಮುಖ ಸೆಳೆಯುತ್ತದೆ, ಮಾತು ತೊದಲುತ್ತದೆ. ಹಿಂಬದಿಯ ಮೀಡಿಯಲ್ ಲೆಮ್ನಿಸ್ಕಸ್‌ಗೆ (ಸ್ಪರ್ಶದ ಸಂಕೇತ ಒಯ್ಯುವ ಎಳೆಗಳ ಕಟ್ಟು) ತಗಲಿದರೆ ಕೈಕಾಲಿನಲ್ಲಿ ಜುಮ್ಮೆನ್ನುತ್ತದೆ. ಒಳಗಡೆಯ, ಕಣ್ಣುಗುಡ್ಡೆಯನ್ನು ಹೊರಳಿಸುವ ಆಕ್ಯುಲೋಮೋಟರ್ ನರದ ಎಳೆಗಳನ್ನು ಮುಟ್ಟಿದರೆ ವಸ್ತುಗಳು ಎರಡೆರಡಾಗಿ ಕಾಣುತ್ತವೆ. ಅಡ್ಡಪರಿಣಾಮವನ್ನು ನೋಡಿ ಎಲೆಕ್ಟ್ರೋಡ್ ಯಾವ ಕಡೆಗೆ ಜರುಗಿದೆ ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎದೆಯ ಚರ್ಮದಡಿ ಇಡುವ ಬ್ಯಾಟರಿ ಸಾಧನವು ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತಗಳನ್ನು, ಒಂದೊಂದನ್ನೂ 60 ಮೈಕ್ರೋಸೆಕೆಂಡ್ ಅವಧಿಗೆ ಕಳುಹಿಸುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. 1989–90ರ ಹೊತ್ತಿಗೆ ರೂಪುಗೊಂಡ ಮಾದರಿ ನರಕೋಶಗಳ ಮಿಡಿತದ ವೇಗವನ್ನು ಆಧರಿಸಿತ್ತು. ಅದರ ಪ್ರಕಾರ ಡೋಪಮೈನ್ ಕುಗ್ಗಿದಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮೇಲಿನ ಹಿಡಿತ ಸಡಿಲಗೊಂಡು ಅದು ಅತಿಯಾಗಿ ಮಿಡಿಯುತ್ತದೆ. ಅದರಿಂದ ಉದ್ದೀಪಿತವಾದ, ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ನರಕೇಂದ್ರದ ಒಳಭಾಗ ಥಲಾಮಸ್ಸನ್ನು ಅದುಮುತ್ತದೆ. ಥಲಾಮಸ್ಸಿನಿಂದ ಮಿದುಳಿನ ಹೊರಪದರಕ್ಕೆ ಹೋಗಬೇಕಾದ ಉತ್ತೇಜನ ಕುಂದಿ ಚಲನೆ ನಿಧಾನವಾಗುತ್ತದೆ. ಈ ಮಾದರಿಯನ್ನು ನಂಬಿದರೆ ಉತ್ತರ ಸುಲಭ: ಅಧಿಕ ಆವರ್ತನದ ವಿದ್ಯುತ್ತು ಆ ಕೇಂದ್ರವನ್ನು ಸುಮ್ಮನಾಗಿಸುತ್ತದೆ, ಆದ್ದರಿಂದ ಅದು ನಾಶಕ್ಕೆ ಸಮ. ಆದರೆ ಮಾದರಿಗೆ ಎರಡು ಕಡೆ ಪೆಟ್ಟು ಬಿತ್ತು. ಥಲಾಮಸ್ ಮೊದಲೇ ಅದುಮಿಹೋಗಿದ್ದರೆ ಅದನ್ನು ಸುಟ್ಟಾಗ ಚಲನೆ ಇನ್ನಷ್ಟು ಕುಗ್ಗಬೇಕಿತ್ತು, ಹಾಗಾಗುವುದಿಲ್ಲ. ಗ್ಲೋಬಸ್ ಪ್ಯಾಲಿಡಸ್ಸನ್ನು ಸುಟ್ಟಾಗ ಥಲಾಮಸ್ ಮೇಲಿನ ಹಿಡಿತ ಸಡಿಲಗೊಂಡು ಡಿಸ್ಕೈನೇಸಿಯಾ ಹೆಚ್ಚಬೇಕಿತ್ತು, ವಾಸ್ತವದಲ್ಲಿ ಅದು ಗಮನಾರ್ಹವಾಗಿ ಇಳಿಯುತ್ತದೆ.

ಇದಲ್ಲದೆ, ಹೊರಗಿನಿಂದ ಕೊಡುವ ವಿದ್ಯುತ್ತಿಗೆ ನರಕೋಶದ ಕಾಯಕ್ಕಿಂತ ಆಕ್ಸಾನ್ (ಸಂಕೇತವನ್ನು ಮುಂದಕ್ಕೆ ಒಯ್ಯುವ ಅದರ ಉದ್ದನೆಯ ಎಳೆ) ಸುಲಭವಾಗಿ ಸ್ಪಂದಿಸುತ್ತದೆ. ಆದ್ದರಿಂದ ಕೋಶಕಾಯ ಮೌನವಾಗಿರುವಾಗಲೇ ಅದರ ಆಕ್ಸಾನ್ ಮುಂದಿನ ಕೇಂದ್ರಕ್ಕೆ ಮಿಡಿತಗಳನ್ನು ಕಳುಹಿಸುತ್ತಿರಬಹುದು. ಹಾಗಾದರೆ ನಾಶಕ್ಕೂ ಪ್ರಚೋದನೆಗೂ ಸಾಮಾನ್ಯವಾಗಿರುವುದು ಮೌನವಲ್ಲ. ರೋಗಗ್ರಸ್ತ ಲಯ, ಅಂದರೆ ನರಕೋಶಗಳು ಒಟ್ಟಾಗಿ ಮಿಡಿಯುವುದರಿಂದ ಏಳುವ ಅಲೆ, ಮುಂದಕ್ಕೆ ಹರಡದಂತೆ ಎರಡೂ ತಡೆಯುತ್ತವೆ ಎನ್ನುವುದೇ ಹೆಚ್ಚು ಸಮಂಜಸ. ಔಷಧವಿಲ್ಲದ ಸ್ಥಿತಿಯಲ್ಲಿ ರೋಗಿಯ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸಿನಲ್ಲಿ 13ರಿಂದ 30 ಹರ್ಟ್ಸ್ ವ್ಯಾಪ್ತಿಯ ಬೀಟಾ ಅಲೆಗಳು ಬಲವಾಗಿರುತ್ತವೆ ಎಂಬುದನ್ನು ಪೀಟರ್ ಬ್ರೌನ್ ಮತ್ತಿತರರು ಎಲೆಕ್ಟ್ರೋಡುಗಳಿಂದಲೇ ಅಳೆದು ತೋರಿಸಿದರು. ಲೆವೊಡೋಪಾ ಕೊಟ್ಟರೂ ಈ ಅಲೆಗಳು ತಗ್ಗುತ್ತವೆ, ಡಿಬಿಎಸ್ ಕೊಟ್ಟರೂ ತಗ್ಗುತ್ತವೆ. ತಗ್ಗಿದಷ್ಟೂ ಬಿಗಿತ ಮತ್ತು ನಿಧಾನಗತಿ ಸುಧಾರಿಸುವ ಒಲವು ಕಾಣುತ್ತದೆ. ಆದರೆ ನಡುಕಕ್ಕೆ ಈ ನಂಟು ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ಸ್ವಿಚ್ ಹಾಕಿದಾಗ ನಡುಕ ಸೆಕೆಂಡುಗಳಲ್ಲಿ ನಿಲ್ಲುತ್ತದೆ, ನಡಿಗೆ ಸುಧಾರಿಸಲು ಗಂಟೆಗಳು ಬೇಕಾಗಬಹುದು, ಡಿಸ್ಟೋನಿಯಾ ಎಂಬ ಇನ್ನೊಂದು ಚಲನಾ ಕಾಯಿಲೆಯಲ್ಲಿ ಪೂರ್ಣ ಫಲ ಕಾಣಲು ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಎಲ್ಲಕ್ಕೂ ಒಂದೇ ಕಾರ್ಯವಿಧಾನವೆಂದು ಬರೆಯುವ ಉತ್ತರವನ್ನು ನಾನು ಒಪ್ಪಲಾರೆ.

ಚಿಕಿತ್ಸೆಯಾಗಿ ಇದರ ಬಲಕ್ಕೆ ಗಟ್ಟಿ ಆಧಾರಗಳಿವೆ. 251 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅರ್ಲಿಸ್ಟಿಮ್ ಅಧ್ಯಯನದಲ್ಲಿ, ಔಷಧದ ತೊಡಕುಗಳು ಆಗಷ್ಟೇ ಶುರುವಾದವರಲ್ಲಿಯೂ ಔಷಧದ ಜೊತೆ ಡಿಬಿಎಸ್ ಪಡೆದವರ ಜೀವನದ ಗುಣಮಟ್ಟ ಎರಡು ವರ್ಷಗಳಲ್ಲಿ ಉತ್ತಮಗೊಂಡಿತು. ಬರೀ ಔಷಧ ಪಡೆದವರಲ್ಲಿ ಹಾಗಾಗಲಿಲ್ಲ. ಆದರೂ ನರಕೋಶಗಳ ಸಾವನ್ನು ಡಿಬಿಎಸ್ ನಿಲ್ಲಿಸುತ್ತದೆಂದು ಯಾರೂ ತೋರಿಸಿಲ್ಲ. ಲೆವೊಡೋಪಾಕ್ಕೆ ಬಗ್ಗದ ಲಕ್ಷಣಗಳು, ನಡುಕವೊಂದನ್ನು ಬಿಟ್ಟರೆ, ಸಾಮಾನ್ಯವಾಗಿ ಇದಕ್ಕೂ ಬಗ್ಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಶಸ್ತ್ರಚಿಕಿತ್ಸೆ ಲಭ್ಯವಿದೆ. ಸಾಧನಕ್ಕೇ ಹಲವು ಲಕ್ಷ ರೂಪಾಯಿ ತಗಲುವುದರಿಂದ ಯಾರಿಗೆ ಫಲ ಸಿಗುತ್ತದೆ ಎಂಬ ಆಯ್ಕೆ ಇಲ್ಲಿನ ಕುಟುಂಬಗಳ ಪಾಲಿಗೆ ಬಹಳ ದೊಡ್ಡ ವಿಷಯ. ತಲೆಬುರುಡೆಯ ಹೊರಗಿನಿಂದ ಕಾಂತಕ್ಷೇತ್ರ ಬಳಸುವ ಟಿಎಂಎಸ್ ವಿಧಾನದ ಪರಿಣಾಮ ಈವರೆಗೆ ಸೌಮ್ಯ, ಅಲ್ಪಕಾಲಿಕ.

ಲಯದ ವಿವರಣೆಯಿಂದ ಹುಟ್ಟಿದ ಹೊಸ ಪ್ರಯೋಗವೇ ಹೊಂದಾಣಿಕೆಯ ಡಿಬಿಎಸ್. ಸಾಧನ ತಾನೇ ಮಿದುಳಿನ ಅಲೆಗಳನ್ನು ಓದಿ, ಬೀಟಾ ಏರಿದಾಗ ಪ್ರವಾಹವನ್ನು ಹೆಚ್ಚಿಸಿ, ಇಳಿದಾಗ ತಗ್ಗಿಸುತ್ತದೆ. 2013ರಲ್ಲಿ ಎಂಟು ರೋಗಿಗಳಲ್ಲಿ ಪರೀಕ್ಷಿಸಲಾದ ಈ ಉಪಾಯಕ್ಕೆ 2025ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎಯ ಅನುಮತಿ ದೊರೆಯಿತು. ಆದರೆ ಓದಬೇಕಾದ ಸಂಕೇತ ಬೀಟಾ ಒಂದೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು 2024ರಲ್ಲಿ ಪ್ರಕಟಿಸಿದ ನಾಲ್ಕು ರೋಗಿಗಳ ಪ್ರಯೋಗದಲ್ಲಿ, ಪ್ರಚೋದನೆ ನಡೆಯುತ್ತಿರುವಾಗಲೇ ಅದರ ಆವರ್ತನದ ಅರ್ಧದಲ್ಲಿ, ಅಂದರೆ 130 ಹರ್ಟ್ಸ್ ಕೊಟ್ಟರೆ 65 ಹರ್ಟ್ಸ್‌ನಲ್ಲಿ, ಮೂಡುವ ಗಾಮಾ ಅಲೆ ಹೆಚ್ಚು ನಂಬಲರ್ಹ ಸೂಚಕವಾಗಿ ಕಂಡಿತು.